ಮರಿ ಗಿನಿಪಿಗ್ ಕಾರಣವಿಲ್ಲದೆ ತೂಕ ಕಳೆದುಕೊಳ್ಳುತ್ತಿದ್ದರೆ ಏನು ಮಾಡಬೇಕು?

ನಿಮ್ಮ ಮೂರು ತಿಂಗಳ ಗಿನಿಪಿಗ್ ತಿಂದರೂ ಸೊರಗುತ್ತಿದೆ ಅಂದಿದ್ದೀರಿ. ಈ ವಯಸ್ಸಿನಲ್ಲಿ ತೂಕ ಏರುತ್ತಿರಬೇಕು, ಅಲ್ವಾ? ಕಾಯಬೇಡಿ, ಬೇಗ ಪಶುವೈದ್ಯರಿಗೆ ತೋರಿಸಿ.

ನನ್ನ ಮೊದಲ ಅನುಮಾನ ದವಡೆ ಹಲ್ಲಿನ ಮೇಲೆ. ಅವು ಜೀವನಪೂರ್ತಿ ಬೆಳೆಯುತ್ತವೆ. ಸವೆಯದಿದ್ದರೆ ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತವೆ. ಆಗ ಮರಿ ತಿನ್ನುವಂತೆ ಕಂಡರೂ ಹೊಟ್ಟೆಗೆ ಹೋಗುವುದು ಕಡಿಮೆ. ಮುಂದಿನ ಹಲ್ಲು ಸರಿಯಿದೆ ಅಂತ ಸುಮ್ನೆ ಬಿಡಬೇಡಿ, ಒಳಗಿನ ಹಲ್ಲನ್ನೂ ಪರೀಕ್ಷಿಸಲು ಹೇಳಿ. ಹಿಕ್ಕೆಯ ಪರೀಕ್ಷೆಯೂ ಆಗಲಿ.

ಗಿನಿಪಿಗ್ ದೇಹ ವಿಟಮಿನ್ ಸಿ ತಯಾರಿಸುವುದಿಲ್ಲ, ಅದನ್ನು ದಿನಾ ಕೊಡಬೇಕು. ನೀರಿಗೆ ಬೆರೆಸಿದರೆ ಅದು ಬೇಗ ಕೆಡುತ್ತದೆ. ಒಣಹುಲ್ಲು ಸದಾ ಇರಲಿ.

ದಿನಾ ಒಂದೇ ಹೊತ್ತಿಗೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಜೊತೆಗಾರ ಗಿನಿಪಿಗ್ ಅದನ್ನು ಊಟದಿಂದ ಓಡಿಸುತ್ತಿದೆಯಾ, ಗಮನಿಸಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್ (ಒಂದು ಆ್ಯಂಟಿಬಯಾಟಿಕ್ ಔಷಧಿ) ಮಾತ್ರ ಕೊಡಲೇಬೇಡಿ, ಪ್ರಾಣಕ್ಕೇ ಅಪಾಯ. ಪೂರ್ತಿ ತಿನ್ನುವುದು ಬಿಟ್ಟರೆ ಅದೇ ದಿನ ವೈದ್ಯರ ಬಳಿ ಓಡಿ.