ತರಗತಿಯಲ್ಲೇ ಕುಳಿತಿರುವ ಆ ಮಕ್ಕಳು

ಪ್ರಶ್ನೆ: ನಾನು ಕೊಡಗಿನ ಪೊನ್ನಂಪೇಟೆ ಕಡೆಯ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ವಿಚ್ಛೇದನವು ಮಕ್ಕಳ ಬೆಳವಣಿಗೆಯ ಮೇಲೂ ಮುಂದೆ ಅವರು ಕಟ್ಟಿಕೊಳ್ಳುವ ಸಂಬಂಧಗಳ ಮೇಲೂ ಬೀರುವ ಪರಿಣಾಮವನ್ನು ಅಂತಿಮ ವರ್ಷದವರಿಗೆ ಎರಡು ತರಗತಿಗಳಲ್ಲಿ ತಿಳಿಸಬೇಕಿದೆ. ತಂದೆ-ತಾಯಿ ಬೇರೆಯಾದ ಇಬ್ಬರು ಮೂವರು ಅದೇ ತರಗತಿಯಲ್ಲಿದ್ದಾರೆ. ಅವರಿಗೆ ನೋವಾಗದಂತೆ ಹೇಗೆ ಪಾಠ ಮಾಡಲಿ?

ಉತ್ತರ: ಅಂಕಿಅಂಶ ಹೇಳುವುದಾದರೆ ಪೂರ್ತಿಯಾಗಿ ಹೇಳಿ. ಅಮೆರಿಕದ ವರ್ಜೀನಿಯಾದಲ್ಲಿ ಮನೋವಿಜ್ಞಾನಿ ಮೇವಿಸ್ ಹೆದರಿಂಗ್ಟನ್ ದೀರ್ಘಕಾಲ ನಡೆಸಿದ ಅಧ್ಯಯನದಲ್ಲಿ, ವಿಚ್ಛೇದಿತರ ಮಕ್ಕಳಲ್ಲಿ ಸುಮಾರು ಶೇ. 25ರಷ್ಟು ಮಂದಿಗೆ ಗಂಭೀರ ಮಾನಸಿಕ, ಸಾಮಾಜಿಕ ತೊಂದರೆಗಳು ಕಂಡುಬಂದವು. ಉಳಿದ ಕುಟುಂಬಗಳಲ್ಲಿ ಅದು ಶೇ. 10ರಷ್ಟಿತ್ತು. ಅಪಾಯ ಹೆಚ್ಚೆಂಬುದು ನಿಜ, ಆದರೆ ನಾಲ್ವರಲ್ಲಿ ಮೂವರು ಸುಧಾರಿಸಿಕೊಂಡರೆಂಬುದೂ ಅಷ್ಟೇ ನಿಜ. ಅರ್ಧ ಹೇಳಿ ನಿಲ್ಲಿಸಿದರೆ ಹಿಂದಿನ ಬೆಂಚಿನ ಹುಡುಗಿ ತನ್ನ ಜಾತಕವನ್ನೇ ಓದಿದರೆಂದುಕೊಳ್ಳುತ್ತಾಳೆ.

ಮಕ್ಕಳನ್ನು ಹೆಚ್ಚು ಕಾಡುವುದು ನ್ಯಾಯಾಲಯದ ಆದೇಶಕ್ಕಿಂತ ಅದರ ಹಿಂದೆಯೂ ಮುಂದೆಯೂ ಎಳೆದಾಡುವ ಜಗಳ. ಇದನ್ನು ವಿವರಿಸಲು ಒಂದು ಸನ್ನಿವೇಶ ಕೊಡಿ. ನಿಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಭತ್ತದ ಕದಿರು ತೆಗೆಯುವಾಗ ಎಂಟು ವರ್ಷದ ಮಗು ಎಲ್ಲಿರಬೇಕು? ತಂದೆಯ ಐನ್‌ಮನೆಯಲ್ಲಿ, ಅಂದರೆ ಮೂಲಮನೆಯಲ್ಲಿ, ಒಕ್ಕದವರೆಲ್ಲ (ಒಂದೇ ವಂಶದವರು) ಸೇರಿರುತ್ತಾರೆ. ತಾಯಿ ಗೋಣಿಕೊಪ್ಪಲಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. "ನಿನಗೆಲ್ಲಿ ಇಷ್ಟವೋ ಹೇಳು ಮಗಾ" ಎಂದು ಕೇಳುವುದು ಉದಾರತೆಯಂತೆ ಕಂಡರೂ, ಆ ಮಗು ತಂದೆಗೊಂದು, ತಾಯಿಗೊಂದು ಉತ್ತರ ಹೇಳಿ ಎರಡು ಕಡೆಯೂ ಸುಳ್ಳುಗಾರನಾಗುತ್ತದೆ. ದೊಡ್ಡವರೇ ಮಾತಾಡಿಕೊಂಡು, ಈ ವರ್ಷ ಅಲ್ಲಿ, ಬರುವ ವರ್ಷ ಇಲ್ಲಿ ಎಂದು ತೀರ್ಮಾನಿಸಿ ಮಗುವಿಗೆ ತಿಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಶಾಲೆಯ ಫೀಸಿನ ಮಾತನ್ನು ಮಗುವಿನ ಬಾಯಲ್ಲಿ ಹೇಳಿ ಕಳುಹಿಸುವುದೂ ಇದೇ ಬಗೆಯ ತಪ್ಪು. ವಿದ್ಯಾರ್ಥಿಗಳು ಇದನ್ನು ಚರ್ಚಿಸಲಿ, ನೀವು ಆತುರಪಟ್ಟು ತೀರ್ಪು ಕೊಡಬೇಡಿ.

ವಯಸ್ಸಿನ ವ್ಯತ್ಯಾಸವನ್ನು ಚುಟುಕಾಗಿ ಹೇಳಿದರೆ ಸಾಕು: ಪುಟ್ಟ ಮಕ್ಕಳು "ನನ್ನಿಂದಲೇ ಹೀಗಾಯಿತು" ಎಂದುಕೊಳ್ಳುತ್ತಾರೆ, ಹದಿಹರೆಯದವರು ಮನೆಯ ಹಿರಿಯರಂತೆ ವರ್ತಿಸತೊಡಗುತ್ತಾರೆ.

ಎರಡನೆಯ ತರಗತಿಯನ್ನು ಅವರ ಮುಂದಿನ ಬದುಕಿಗೆ ಮೀಸಲಿಡಿ. ವಿಚ್ಛೇದಿತರ ಮಕ್ಕಳ ದಾಂಪತ್ಯವೂ ಮುರಿಯುವ ಸಾಧ್ಯತೆ ತುಸು ಹೆಚ್ಚೆಂದು ಪಾಲ್ ಅಮಾಟೊ ಮುಂತಾದ ಸಮಾಜಶಾಸ್ತ್ರಜ್ಞರು ಗುರುತಿಸಿದ್ದಾರೆ. ಜಗಳವಾಡಿ ಮತ್ತೆ ಮಾತಿಗೆ ಕೂರುವುದನ್ನು ಮನೆಯಲ್ಲಿ ಕಾಣದಿರುವುದೂ ಇದಕ್ಕೊಂದು ಕಾರಣ. ನನ್ನ ಅನುಭವದಲ್ಲಿ, ಬೇರೆಯಾಗದೆ ವರ್ಷಗಟ್ಟಲೆ ಮೌನವಾಗಿರುವ ಮನೆಗಳ ಮಕ್ಕಳಿಗೂ ಈ ಕೊರತೆ ಇದೆ. ಆದ್ದರಿಂದ ಈ ಪಾಠ ಆ ಇಬ್ಬರು ಮೂವರಿಗಷ್ಟೇ ಅಲ್ಲ, ಇಡೀ ತರಗತಿಗೆ.

ಸ್ವಂತ ಕಥೆ ಹೇಳಿರೆಂದು ಯಾರನ್ನೂ ಕೇಳಬೇಡಿ. ಎದ್ದು ಹೋಗಬಯಸುವವರನ್ನು ಹಾಜರಿ ಕೊಟ್ಟೇ ಕಳುಹಿಸಿ, ಕಾರಣ ವಿಚಾರಿಸಬೇಡಿ.