ರ‍್ಯಾಪ್ ವಿಡಿಯೋದಲ್ಲಿ ದೃಶ್ಯ, ಹಾಡಿನ ಸಾಲು, ರ‍್ಯಾಪ್‌ನ ರೂಢಿಗಳು ಹೇಗೆ ಸೇರಿ ಕೆಲಸ ಮಾಡುತ್ತವೆ?
ಸಾಲು ಹೇಳಿದ್ದನ್ನೇ ದೃಶ್ಯವೂ ತೋರಿಸಿದರೆ ಅಷ್ಟೇನೂ ಮಜಾ ಇರುವುದಿಲ್ಲ. ಎರಡೂ ಬೇರೆ ಬೇರೆ ಮಾತಾಡಿದಾಗಲೇ ರುಚಿ ಜಾಸ್ತಿ. 2018ರಲ್ಲಿ ಬಂದ, ಅಮೆರಿಕದ ರ‍್ಯಾಪರ್ ಚೈಲ್ಡಿಶ್ ಗ್ಯಾಂಬಿನೊ ಅವರ ‘ದಿಸ್ ಈಸ್ ಅಮೆರಿಕ’ ನೋಡಿ. ನಿರ್ದೇಶಕ ಹಿರೊ ಮುರಾಯ್.

ಶುರುವಿನಲ್ಲಿ ಗಿಟಾರ್, ಇಂಪಾದ ಕೋರಸ್. ಗ್ಯಾಂಬಿನೊ ಕುಣಿಯುತ್ತಾ ಬಂದು, ತಲೆಗೆ ಮುಸುಕು ಹಾಕಿ ಕೂರಿಸಿದವನಿಗೆ ಹಿಂದಿನಿಂದ ಗುಂಡು ಹೊಡೆಯುತ್ತಾರೆ. ಅದೇ ಕ್ಷಣಕ್ಕೆ ಸಂಗೀತ ಬದಲಾಗಿ ಟ್ರ್ಯಾಪ್ ಎಂಬ ರ‍್ಯಾಪ್ ಶೈಲಿಯ ದಪ್ಪ ಬೇಸ್ ಬಡಿಯುತ್ತದೆ. ಒಬ್ಬ ಹುಡುಗ ಓಡಿ ಬಂದು ಪಿಸ್ತೂಲನ್ನು ಕೆಂಪು ಬಟ್ಟೆಯಲ್ಲಿ ಜೋಪಾನವಾಗಿ ತೆಗೆದುಕೊಳ್ಳುತ್ತಾನೆ. ಹೆಣವನ್ನು ಮಾತ್ರ ದರದರ ಎಳೆದುಕೊಂಡು ಹೋಗುತ್ತಾರೆ! ಜೀವಕ್ಕಿಂತ ಬಂದೂಕಿಗೆ ಮರ್ಯಾದೆ ಹೆಚ್ಚು ಎಂದು ಯಾವ ಸಾಲೂ ಹೇಳುವುದಿಲ್ಲ, ಆ ಬಟ್ಟೆ ಹೇಳುತ್ತದೆ.

ಇನ್ನು ರೂಢಿಗಳು. ಬಂದೂಕು, ದುಡ್ಡು, ಪಾರ್ಟಿ, ಕಾರು, ಕುಣಿತ ಎಲ್ಲವೂ ಇವೆ. ಆದರೆ ಕಾರುಗಳು ಥಳಥಳಿಸುವ ಹೊಸವಲ್ಲ, ಹಳೆಯವು. ನಡುನಡುವೆ ಕೂಗುವ ದನಿಗಳಲ್ಲಿ ಯಂಗ್ ಥಗ್, 21 ಸ್ಯಾವೇಜ್‌ರಂಥ ರ‍್ಯಾಪರ್‌ಗಳೂ ಇದ್ದಾರೆ. ಅದೂ ಟ್ರ್ಯಾಪ್‌ನ ಅಭ್ಯಾಸವೇ. ಸಮವಸ್ತ್ರದ ಮಕ್ಕಳ ಜೊತೆ ಕುಣಿಯುವಾಗ ದಕ್ಷಿಣ ಆಫ್ರಿಕಾದ ‘ಗ್ವಾರಾ ಗ್ವಾರಾ’ ಹೆಜ್ಜೆಯೂ ಬರುತ್ತದೆ. ನಮ್ಮ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ, ಅಲ್ವಾ? ಹಿಂದೆ ಗಲಭೆ ನಡೆಯುತ್ತಲೇ ಇರುತ್ತದೆ. ನನ್ನ ಪ್ರಕಾರ ವಿಡಿಯೋದ ಅಸಲಿ ಚಾಲಾಕಿತನ ಇದೇ.

ಎರಡನೇ ಸಲ ನೋಡುವಾಗ ಗ್ಯಾಂಬಿನೊ ಅವರನ್ನು ಬಿಟ್ಟು ಹಿಂಬದಿಯನ್ನಷ್ಟೇ ಗಮನಿಸಿ. ಬಿಳಿ ಕುದುರೆಯೊಂದು ಹಾದುಹೋಗುವುದು ಆಗ ಕಾಣಬಹುದು.