ಆ ವರದಿ ಹೇಳಿದ್ದು ತಾಯಿಯ ವಿಷಯ, ಮಗುವಿನದಲ್ಲ

ಗುರುತು ಹತ್ತದ ಹಾಗೆ ಮನೆಯ ವಿವರ, ದಿನಗಳ ಲೆಕ್ಕ ಎಲ್ಲವನ್ನೂ ಒಂದಿಷ್ಟು ಬದಲಿಸಿದ್ದೇನೆ. ಬರೆಯುವುದಕ್ಕೆ ಆ ತಾಯಿಯ ಒಪ್ಪಿಗೆ ಇದೆ.

ಐದು ವಾರದ ಗಂಡು ಮಗುವನ್ನು ಎತ್ತಿಕೊಂಡು ಆಕೆ ಬಂದದ್ದು ನಾನು ಬರಹೇಳಿದ್ದ ದಿನಕ್ಕಲ್ಲ. ಆ ದಿನ ದಾಟಿಹೋಗಿತ್ತು. ಕೂತವರೇ ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಎಲ್ಲ ಮುಗಿದುಹೋಯ್ತು. ಇವನಿಗೂ ಬಂದಿದೆ."

ಹೊರಗಿನ ಯಾವುದೋ ಲ್ಯಾಬಿನ ವರದಿ. ಮಗುವಿಗೆ ಮೂವತ್ತು ದಿನ ತುಂಬಿದಾಗ ಯಾರಿಗೂ ಹೇಳದೆ ಒಬ್ಬರೇ ಹೋಗಿ ಮಾಡಿಸಿದ್ದು. ಎಚ್‌ಐವಿ ಆಂಟಿಬಾಡಿ ಪರೀಕ್ಷೆ, ಪಾಸಿಟಿವ್. ಅದನ್ನು ಕೈಗಿತ್ತವರು ಒಂದು ಮಾತೂ ವಿವರಿಸಿರಲಿಲ್ಲ.

ಆಕೆಗೆ ಸೋಂಕು ಇರುವುದು ಗೊತ್ತಾದದ್ದು ಏಳನೇ ತಿಂಗಳಲ್ಲಿ. ಆಗಿನಿಂದ ಹೆರಿಗೆಯವರೆಗೆ ಹತ್ತು ವಾರ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಹೆರಿಗೆಗೆ ಮುಂಚೆ ಮಾಡಿದ, ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ಅದು ಪತ್ತೆಯಾಗದಷ್ಟು ಕಡಿಮೆಯಾಗಿತ್ತು. ಮಗು ಹುಟ್ಟಿದ ದಿನದಿಂದಲೇ ಅದಕ್ಕೆ ಸೋಂಕು ತಗುಲದಂತೆ ಕೊಡುವ ನೆವಿರಪೈನ್ ಸಿರಪ್ ಶುರುವಾಗಿತ್ತು. ಎಲ್ಲವೂ ಸರಿಯಾಗಿ ನಡೆದಿದ್ದ ಪ್ರಕರಣ ಇದು.

ಮನೆಯಲ್ಲಿ ಗುರುತು ಹಾಕಿಕೊಳ್ಳಲಿ ಎಂದು ನಾನೊಂದು ಹಾಳೆ ಕೊಟ್ಟಿದ್ದೆ: ಒಂದು ಕಡೆ ತಾಯಿಯ ಮಾತ್ರೆ, ಇನ್ನೊಂದು ಕಡೆ ಮಗುವಿನ ಸಿರಪ್. ಅದನ್ನು ಕೇಳಿದೆ. ಮಗುವಿನ ಸಾಲಿನಲ್ಲಿ ಅಂದಿನವರೆಗೂ ಗುರುತು ತಪ್ಪಿಲ್ಲ. ಸೂಜಿಯಿಲ್ಲದ ಪುಟ್ಟ ಸಿರಿಂಜಿನಲ್ಲಿ ಒಂದೂವರೆ ಎಂಎಲ್ ಎಲ್ಲಿಗೆ ಬರುತ್ತದೆಂದು ರಾತ್ರಿಯ ಮಂದ ಬೆಳಕಿನಲ್ಲೂ ಕಾಣಲಿ ಅಂತ ಉಗುರುಬಣ್ಣದಲ್ಲಿ ಕೆಂಪು ಗೆರೆ ಎಳೆದಿದ್ದರು. ಆದರೆ ತಾಯಿಯ ಸಾಲು ಮೂವತ್ತನೇ ದಿನಕ್ಕೆ ನಿಂತಿತ್ತು. ಆಮೇಲಿನ ಆರು ಮನೆಗಳು ಖಾಲಿ.

"ಇವನನ್ನು ಉಳಿಸಿಕೊಳ್ಳೋಕೆ ಅಂತಲೇ ನುಂಗ್ತಾ ಇದ್ದೆ. ಇನ್ಯಾಕೆ?"

ಹಗಲು ಮಗುವಿಗೆ ಬಾಟಲಿ ಹಾಲು, ರಾತ್ರಿ ಅಳು ತಡೆಯಲಾಗದಾಗ ಎದೆಹಾಲು. ಮುತ್ತು ಕೊಡುವುದನ್ನು ಬಿಟ್ಟಿದ್ದರು. ಮಗುವಿನ ಟವೆಲ್ಲನ್ನು ಬೇರೆ ಇಟ್ಟಿದ್ದರು. ಮಾತಾಡುವಾಗ ಮಗು ತೊಡೆಯ ಮೇಲಿತ್ತು, ಆದರೆ ಆಕೆಯ ಕೈ ಅದನ್ನು ತಬ್ಬಿರಲಿಲ್ಲ, ಬೀಳದಂತೆ ಹಿಡಿದಿತ್ತು ಅಷ್ಟೇ.

ನಾನು ಮೊದಲು ಮಾಡಿದ ಕೆಲಸ ಆ ವರದಿಯನ್ನು ಬಿಡಿಸಿ ಹೇಳಿದ್ದು. ಈ ಪರೀಕ್ಷೆ ವೈರಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಯನ್ನು ಹುಡುಕುತ್ತದೆ. ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿಯ ಮೂಲಕ ತಾಯಿಯ ಆಂಟಿಬಾಡಿಗಳು ಮಗುವಿಗೆ ಇಳಿದು ಬರುತ್ತವೆ. ಸೋಂಕು ತಗುಲದ ಮಗುವಿನ ರಕ್ತದಲ್ಲೂ ಅವು ತಿಂಗಳುಗಟ್ಟಲೆ, ಕೆಲವು ಮಕ್ಕಳಲ್ಲಿ ಹದಿನೆಂಟು ತಿಂಗಳವರೆಗೂ ಇರಬಹುದು. ಆದ್ದರಿಂದ ಒಂದು ತಿಂಗಳ ಕೂಸಿಗೆ ಈ ಪರೀಕ್ಷೆ ಮಾಡಿದರೆ ಪಾಸಿಟಿವ್ ಬರುವುದೇ ಸಹಜ.

"ಈ ಕಾಗದ ಹೇಳ್ತಿರೋದು ನಿಮ್ಮ ವಿಷಯ ಅಮ್ಮ, ಅದು ನಮಗೆ ಮೊದಲೇ ಗೊತ್ತಿತ್ತು. ಮಗುವಿನ ವಿಷಯ ಇನ್ನೂ ಯಾರೂ ಕೇಳೇ ಇಲ್ಲ."

ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ನಾನು ಆರು ದಿನ ಏನು ಮಾಡಿಬಿಟ್ಟೆ?" ಎಂದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಈ ಹಂತದಲ್ಲಿ ಏನೂ ಆಗಿಲ್ಲ ಬಿಡಿ ಎಂದು ಸಮಾಧಾನ ಹೇಳಿ ಕಳಿಸುವುದು ಸುಲಭ, ಆದರೆ ಅದು ತಪ್ಪು. ಆರು ದಿನ ಮಾತ್ರೆ ನಿಂತರೆ ತಾಯಿಯ ರಕ್ತದಲ್ಲಿ ವೈರಾಣು ಮತ್ತೆ ಹೆಚ್ಚಬಹುದು, ಹೆಚ್ಚಿದರೆ ಎದೆಹಾಲಿನಲ್ಲೂ ಬರಬಹುದು. ಹೌದು, ಅಪಾಯ ಸ್ವಲ್ಪ ಹೆಚ್ಚಿರಬಹುದು, ಅದಕ್ಕೆ ಇವತ್ತೇ ಮಾಡಬೇಕಾದ ಕೆಲಸಗಳಿವೆ ಎಂದೆ. ನನ್ನ ಎದುರೇ ಅಂದಿನ ಮಾತ್ರೆ ನುಂಗಿಸಿದೆ. ಅಲ್ಲಿಂದ ಇಬ್ಬರೂ ನೇರ ವೈದ್ಯರ ಕೋಣೆಗೆ ಹೋದೆವು.

ಮಗುವಿನ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ತೆಗೆದುಕೊಂಡರು. ಇದು ಡಿಎನ್‌ಎ ಪಿಸಿಆರ್, ವೈರಾಣುವನ್ನೇ ಹುಡುಕುವ ಪರೀಕ್ಷೆ. ನಾಲ್ಕರಿಂದ ಆರು ವಾರದೊಳಗೆ ಆಗಬೇಕಾದದ್ದು ಇದು. ಇದಕ್ಕೆಂದೇ ನಾನು ಬರಹೇಳಿದ್ದೆ. ಹೇಗೂ ಗೊತ್ತಾಯಿತಲ್ಲ ಎಂದುಕೊಂಡು ಆಕೆ ಬಂದಿರಲಿಲ್ಲ. ತಾಯಿಯ ವೈರಲ್ ಲೋಡಿಗೂ ರಕ್ತ ಕಳಿಸಲಾಯಿತು. ಆರು ವಾರಕ್ಕೆ ನಿಲ್ಲಬೇಕಿದ್ದ ನೆವಿರಪೈನನ್ನು ಹನ್ನೆರಡು ವಾರದವರೆಗೆ ಮುಂದುವರಿಸಿ, ಜೊತೆಗೆ ಜಿಡೊವುಡಿನ್ ಎಂಬ ಇನ್ನೊಂದು ಎಚ್‌ಐವಿ ಔಷಧಿ ಸೇರಿಸಲು ವೈದ್ಯರು ತೀರ್ಮಾನಿಸಿದರು. ಆರು ವಾರ ತುಂಬಿದ ಮೇಲೆ ಬೇರೆ ಸೋಂಕುಗಳನ್ನು ತಡೆಯುವ ಕೋಟ್ರೈಮಾಕ್ಸಜೋಲ್ ಸಿರಪ್ ಕೂಡ. ಲಸಿಕೆಗಳು ಎಲ್ಲ ಮಕ್ಕಳಿಗಿರುವ ಹಾಗೆಯೇ, ದಿನ ತಪ್ಪಿಸದೆ.

ಈ ಔಷಧಿಗಳ ಬಲ ಎಷ್ಟು ಎಂದು ಓದುವವರಿಗೆ ಗೊತ್ತಿರಲಿ. ಏನೂ ಚಿಕಿತ್ಸೆ ಇಲ್ಲದಿದ್ದರೆ, ಎದೆಹಾಲಿನ ಕಾಲವೂ ಸೇರಿ, ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45. 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಿಡೊವುಡಿನ್ ಒಂದೇ ಔಷಧಿ ಅದನ್ನು ಶೇ. 25.5ರಿಂದ 8.3ಕ್ಕೆ ಇಳಿಸಿತ್ತು, ಅದೂ ಎದೆಹಾಲು ಕುಡಿಯದ ಮಕ್ಕಳಲ್ಲಿ. ಈಗಿನ ಎಆರ್‌ಟಿಯನ್ನು ತಾಯಿ ತಪ್ಪದೆ ತೆಗೆದುಕೊಂಡರೆ ಎದೆಹಾಲು ಕುಡಿಸುತ್ತಲೇ ಶೇ. 5ಕ್ಕಿಂತ ಕೆಳಗೆ ತರಬಹುದು. ಮಗುವಿನ ಸಿರಪ್ಪು ಬಹಳ ಮುಖ್ಯ, ಆದರೆ ಮಗುವಿನ ದೊಡ್ಡ ಔಷಧಿ ತಾಯಿಯ ಮಾತ್ರೆಯೇ. ಸಿರಪ್ ಕೊಡುವುದನ್ನು ಮರೆಯದ ಎಷ್ಟೋ ತಾಯಂದಿರು ತಮ್ಮ ಮಾತ್ರೆಯನ್ನು ಮರೆಯುವುದನ್ನು ಕಂಡಿದ್ದೇನೆ. ತಮ್ಮ ಮೇಲಿನ ಬೇಸರವನ್ನು ಆ ಮಾತ್ರೆಯ ಮೇಲೆ ತೀರಿಸಿಕೊಳ್ಳುತ್ತಾರೆ.

ಹಾಲಿನ ಪ್ರಶ್ನೆಗೇ ಹೆಚ್ಚು ಹೊತ್ತು ಹಿಡಿಯಿತು. ತನ್ನ ಹಾಲು ವಿಷ ಎಂಬ ಭಾವನೆ ಆಕೆಯಲ್ಲಿ ಬೇರೂರಿತ್ತು. ಚಿಕಿತ್ಸೆಯಲ್ಲಿರುವ ತಾಯಿ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡುವುದು, ಬೇರೆ ಹಾಲು, ನೀರು ಬೆರೆಸದಿರುವುದು ಒಳ್ಳೆಯದು. ಬೇರೆ ಆಹಾರದಿಂದ ಎಳೆಯ ಕರುಳಿನ ಒಳಪದರಕ್ಕೆ ಘಾಸಿಯಾದರೆ ವೈರಾಣುವಿಗೆ ದಾರಿ ಸುಲಭವಾಗುತ್ತದೆ. ಹಾಗಂತ ಬಾಟಲಿ ಹಾಲು ಕೊಟ್ಟಾಯಿತು, ಇನ್ನು ಎದೆಹಾಲು ಕೊಡುವ ಹಾಗೇ ಇಲ್ಲ ಎಂದೇನೂ ಅಲ್ಲ. ವೈದ್ಯರೊಡನೆ ಮಾತಾಡಿ ಬಾಟಲಿ ನಿಲ್ಲಿಸಿ ಎದೆಹಾಲಿಗೆ ಮರಳಿದರು. ಶುದ್ಧ ನೀರು, ಡಬ್ಬಿ ಹಾಲು ಎಂದೂ ತಪ್ಪದ ಕಡೆ ವೈದ್ಯರು ಬೇರೆ ಸಲಹೆ ಕೊಡಬಹುದು. ಎಲ್ಲ ತಾಯಂದಿರಿಗೂ ಒಂದೇ ಉತ್ತರವಿಲ್ಲ. ಮೊಲೆತೊಟ್ಟು ಬಿರಿದು ರಕ್ತ ಬಂದರೆ, ಎದೆ ಬಾತು ನೋವಾದರೆ ಆ ಕಡೆಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಕಡೆಯಿಂದ ಕುಡಿಸಿ, ಅದೇ ದಿನ ಬಂದು ತೋರಿಸಿ ಎಂದೆ.

ಮುತ್ತಿನಿಂದ, ಸ್ನಾನ ಮಾಡಿಸುವುದರಿಂದ, ಕಣ್ಣೀರಿನಿಂದ, ಒಂದೇ ಟವೆಲ್ಲಿನಿಂದ ಎಚ್‌ಐವಿ ಬರುವುದಿಲ್ಲ. ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಆಕೆಯನ್ನು ಕೇಳಿ ಮಗುವನ್ನು ಎತ್ತಿಕೊಂಡು, ಹಣೆಗೊಂದು ಮುತ್ತು ಕೊಟ್ಟು, ಆಕೆಯ ಎದೆಗೆ ಒರಗಿಸಿದೆ. ಈ ಸಲ ಕೈ ಬಳಸಿ ಬಂತು.

ಮನೆಯಲ್ಲಿ ಗಂಡನಿಗೆ ವಿಷಯ ಗೊತ್ತು, ಅತ್ತೆಗೆ ಗೊತ್ತಿಲ್ಲ. ಸಿರಪ್ ಯಾಕೆ ಎಂದು ಅವರು ದಿನಾ ಕೇಳುತ್ತಾರಂತೆ. ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದಷ್ಟು ಹೇಳಿದರೆ ಅದು ಸುಳ್ಳಲ್ಲ. ಯಾರಿಗೆ, ಯಾವಾಗ ಹೇಳಬೇಕು ಎಂಬುದು ಆಕೆಗೆ ಬಿಟ್ಟದ್ದು, ನಾನು ಒತ್ತಾಯಿಸುವುದಿಲ್ಲ. ಆದರೆ ಮಾತ್ರೆಯ ಹೊತ್ತನ್ನು ನೆನಪಿಸುವ ಕೆಲಸ ಗಂಡನದ್ದಾಗಲಿ ಎಂದು ಅವರನ್ನೂ ಒಮ್ಮೆ ಕರೆಸಿಕೊಂಡೆ. ಮಗುವಿನ ಸಿರಪ್ ಮತ್ತು ತಾಯಿಯ ಮಾತ್ರೆ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಎಂದು ಅವರೇ ನಿಶ್ಚಯಿಸಿಕೊಂಡರು.

ಪಿಸಿಆರ್ ವರದಿ ಬರುವವರೆಗಿನ ದಿನಗಳು ಕಷ್ಟದವು. ಪಾಸಿಟಿವ್ ಬಂದರೆ ಏನೆಂದು ಆಕೆ ಕೇಳಿದಾಗ ಮಾತು ತೇಲಿಸಲಿಲ್ಲ. ಇನ್ನೊಂದು ಸ್ಯಾಂಪಲ್ ತೆಗೆದು, ಅದರ ಉತ್ತರಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡುತ್ತೇವೆ ಎಂದೆ. ಚಿಕಿತ್ಸೆ ಇಲ್ಲದೆ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಹೋಗುತ್ತವೆ. 2008ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕದ ಅಧ್ಯಯನವೊಂದು, ಎಳವೆಯಲ್ಲೇ ಚಿಕಿತ್ಸೆ ಶುರು ಮಾಡಿದರೆ ಸಾವು ಶೇ. 76ರಷ್ಟು ಇಳಿಯುತ್ತದೆಂದು ತೋರಿಸಿತು. ಯಾವ ಉತ್ತರ ಬಂದರೂ ಮುಂದಿನ ದಾರಿ ಇದೆ ಎಂದು ತಿಳಿದ ಮೇಲೆ ಆಕೆಗೆ ಒಂದಿಷ್ಟು ನಿದ್ದೆ ಬಂತಂತೆ.

ಈ ಪ್ರಕರಣದಲ್ಲಿ ನನ್ನದೂ ತಪ್ಪಿದೆ. ಗರ್ಭಿಣಿಯಾಗಿದ್ದಾಗ ಮೂರು ಸಲ ಕೂತು ಮಾತಾಡಿದ್ದೆ. ಹುಟ್ಟಿದ ಮಗುವಿನ ಆಂಟಿಬಾಡಿ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬ ಮಾತು ಒಮ್ಮೆಯೂ ಎತ್ತಿರಲಿಲ್ಲ. ಹೆದರಿದ ತಾಯಿ ತಿಂಗಳುಗಟ್ಟಲೆ ಕಾಯುವುದಿಲ್ಲ, ಹತ್ತಿರ ಸಿಕ್ಕಿದ ಬಾಗಿಲು ತಟ್ಟುತ್ತಾಳೆ. ಈಗ ಹೆರಿಗೆಗೆ ಮೊದಲೇ ಈ ಮಾತು ಹೇಳುತ್ತೇನೆ, ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೆ ಕೇಳಿಸಿಕೊಳ್ಳುತ್ತೇನೆ.

ಪಿಸಿಆರ್ ನೆಗೆಟಿವ್ ಬಂತು. ಒಂಬತ್ತನೇ ತಿಂಗಳದ್ದೂ ನೆಗೆಟಿವ್. ತಾಯಿಯ ವೈರಲ್ ಲೋಡ್ ಮತ್ತೆ ಪತ್ತೆಯಾಗದ ಮಟ್ಟಕ್ಕೆ ಇಳಿದಿದೆ. ಮಗು ಈಗಲೂ ಎದೆಹಾಲು ಕುಡಿಯುತ್ತಿದೆ, ಹಾಗಾಗಿ ಕಡೆಯ ಉತ್ತರ ಇನ್ನೂ ಬರಬೇಕು. ಹದಿನೆಂಟು ತಿಂಗಳು, ಅಥವಾ ಹಾಲು ಬಿಡಿಸಿ ಮೂರು ತಿಂಗಳು, ಯಾವುದು ತಡವೋ ಅಂದು ಮತ್ತೊಂದು ಪರೀಕ್ಷೆ. ಮೊನ್ನೆ ಬಂದಾಗ ಹೊಸ ಹಾಳೆ ಕೇಳಿ ಒಯ್ದರು, ಹಳೆಯದರ ಎರಡೂ ಸಾಲು ತುಂಬಿತ್ತು.